ಮಡಿಚಿಟ್ಟ ಪುಟದ ಆಚೆ

ಹೋದ ವಾರ ಬಳ್ಳಾರಿಯ ಗಾಂಧಿನಗರದ ನಮ್ಮ ಓಣಿಯಲ್ಲಿ ತೌಡಿನ ಚೀಲ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಒಂದು ಚೀಲದ ಹೊಲಿಗೆ ಬಿಚ್ಚಿ ತೌಡು ರಸ್ತೆಗೆ ಸುರಿದಿತ್ತು. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದವಳಿಗೆ ಆ ಬೆಚ್ಚನೆಯ, ತುಸು ಸಿಹಿ, ತುಸು ಕಮಟು ವಾಸನೆ ಬಡಿದದ್ದೇ ತಡ, ಬಕೆಟ್ ಹಿಡಿದುಕೊಂಡೇ ನಿಂತುಬಿಟ್ಟೆ. ಸಿರುಗುಪ್ಪದ ಮಧ್ಯಾಹ್ನಗಳಿಗೆ ಇದೇ ವಾಸನೆಯಿತ್ತು. ನಾವಿದ್ದ ಬಾಡಿಗೆ ಮನೆಯ ಹಿಂದೆಯೇ ಅಕ್ಕಿ ಗಿರಣಿ. ಆ ವಾಸನೆಯ ನಡುವೆ ಕೂತು ನಾನು ದೊಡ್ಡಮ್ಮನಿಗೆ ಪುಸ್ತಕ ಓದಿ ಹೇಳುತ್ತಿದ್ದೆ. ದೊಡ್ಡಮ್ಮ ಒಬ್ಬಳಿಗೇ ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ...

ನನ್ನ ತವರು ಕುರುಗೋಡು. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ಸಿರುಗುಪ್ಪದಲ್ಲಿ ಕಾಲುವೆ ನೀರಿನ ಕೆಲಸ. ಬೆಳಿಗ್ಗೆ ಹಚ್ಚೊಳ್ಳಿಯ ಬಸ್ಸು ಹತ್ತಿದರೆ ಮನೆಗೆ ಬರುತ್ತಿದ್ದುದು ಸಂಜೆಗೆ. ನನಗೆ ಅಡಿಗೆ ಸರಿಯಾಗಿ ಬರುತ್ತಿರಲಿಲ್ಲ, ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಒಂದೇ ಅಂಗಳದ ಆಚೆ ಬದಿಗೆ ಮನೆಯ ಮಾಲೀಕರಿದ್ದರು. ಗಂಡ ಹೆಂಡತಿ ಇಬ್ಬರೂ ಬಜಾರಿನ ಬಟ್ಟೆ ಅಂಗಡಿಗೆ ಹೋದರೆ ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವಳು ದೊಡ್ಡಮ್ಮ. ಆ ಮಾಲೀಕನನ್ನು ಹೆತ್ತ ತಾಯಿ ತೀರಿಹೋಗಿ ಏಳೆಂಟು ವರ್ಷವಾಗಿತ್ತು. ಅವನ ತಾಯಿಗೆ ದೊಡ್ಡಮ್ಮ ನೆಗೆಣ್ಣಿ. ಅಣ್ಣ ತಮ್ಮಂದಿರಿಗೆ ಹೆಂಡಿರಾಗಿ ಬಂದು, ಇಬ್ಬರೂ ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಬೆಂದವರು.

ದೊಡ್ಡಮ್ಮನಿಗೆ ಕಣ್ಣು ಹೋಗಿದ್ದವು. ಆದರೂ ಗೋಡೆ ಮುಟ್ಟದೆ ಮನೆ ತುಂಬ ಓಡಾಡುತ್ತಿದ್ದಳು. ನಾನು ಹೋದ ಎರಡನೆಯ ವಾರವೇ ಹೊಸ್ತಿಲಲ್ಲಿ ನಿಂತು ಕೇಳಿದ್ದಳು.

"ನಿನಗ ಓದಾಕ ಬರ್ತೈತೇನವ್ವಾ?"

"ಬರ್ತೈತ್ರಿ ದೊಡ್ಡಮ್ಮ. ಪಿಯುಸಿ ಮುಗಿಸೀನಿ."

"ಹಂಗಾರ ಮಧ್ಯಾಹ್ನ ಬಾ. ನೀ ಓದು, ನಾ ನಿನಗ ಸಾರು ಕಲಿಸ್ತೀನಿ."

ಒಪ್ಪಂದ ನನಗೆ ಹಿಡಿಸಿತು. ಅವಳ ಟ್ರಂಕಿನಲ್ಲಿ ಹಳೆಯ ಕಾದಂಬರಿಗಳಿದ್ದವು. ಭತ್ತ ಮಾರಲು ಬಳ್ಳಾರಿಗೆ ಹೋದಾಗಲೆಲ್ಲ ಅವಳ ಗಂಡ ತಂದುಕೊಟ್ಟಿದ್ದಂತೆ. ಅದರಲ್ಲೊಂದನ್ನು ತಡಕಾಡದೆ ತೆಗೆದು ನನ್ನ ಕೈಗಿಟ್ಟಳು. ರಟ್ಟು ಹರಿದುಹೋಗಿ ಹೆಸರೇ ಇರಲಿಲ್ಲ. ಕಳೆದುಹೋದ ತಂಗಿಯನ್ನು ಹುಡುಕುತ್ತ ಊರೂರು ಅಲೆಯುವ ಅಕ್ಕನೊಬ್ಬಳ ಕತೆ.

ಪಡಸಾಲೆಯಲ್ಲಿ ಎರಡು ಚಾಪೆ ಹಾಸಿರುತ್ತಿತ್ತು. ಮೊದಲ ದಿನ ಖಾಲಿಯಿದ್ದ ಚಾಪೆಯ ಮೇಲೆ ಕೂರಲು ಹೋದೆ.

"ಅಲ್ಲಿ ಬ್ಯಾಡವ್ವಾ. ಅಕಿ ಕುಂತಾಳ" ಎಂದಳು ದೊಡ್ಡಮ್ಮ.

ನಾನು ನೆಲದ ಮೇಲೇ ಕೂತೆ. ಆ ಚಾಪೆಯ ಮುಂದೆ ಅಕ್ಕಿ ತುಂಬಿದ ಮೊರವಿತ್ತು. ಅಕಿ ಎಂದರೆ ತೀರಿಹೋದ ಆ ನೆಗೆಣ್ಣಿ; ಅವಳಿಗೆ ಓದು ಬರುತ್ತಿರಲಿಲ್ಲವಂತೆ. ಊಟ ಮುಗಿದ ಮೇಲೆ ಅವಳು ಅಕ್ಕಿಯ ಕಲ್ಲು ಆರಿಸುವುದು, ದೊಡ್ಡಮ್ಮ ಓದುವುದು. ಇಡೀ ಟ್ರಂಕು ಹಾಗೆಯೇ ಓದಿ ಮುಗಿಸಿದ್ದರು. ಈ ಪುಸ್ತಕದ ಕೊನೆಯ ಹತ್ತು ಪುಟ ಉಳಿದಿರುವಾಗ ನೆಗೆಣ್ಣಿಗೆ ಜ್ವರ ಬಂತು. ಎರಡೇ ದಿನ... ಆಮೇಲೆ ದೊಡ್ಡಮ್ಮ ಆ ಪುಸ್ತಕ ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಕಣ್ಣೂ ಮಂಜಾದವು.

ಹದಿನೈದು ದಿನ ಓದಿ, ಮೂಲೆ ಮಡಿಚಿಟ್ಟ ಪುಟಕ್ಕೆ ಬಂದೆ. ದೊಡ್ಡಮ್ಮ ಕೈ ಎತ್ತಿದಳು.

"ಸಾಕು. ನಾಳಿಂದ ಮತ್ತ ಮೊದಲಿಂದ ಓದು."

"ಇನ್ನ ಹತ್ತೇ ಪುಟ ಅದಾವ್ರಿ!"

"ಕತಿ ಮುಗದ್ರ ಅಕಿ ಎದ್ದು ಹೋಗ್ತಾಳ. ತಂಗಿ ಸಿಕ್ಕಳೋ ಇಲ್ಲೋ ಅಂತ ಕೇಳಾಕಂತ ಕುಂತಾಳ."

ನಕ್ಕರೆ ನೊಂದಾಳೆಂದು ಪುಸ್ತಕ ಮುಚ್ಚಿದೆ. ಸಂಜೆ ಮಾಲೀಕರ ಹೆಂಡತಿಯನ್ನು ಮೆಲ್ಲಗೆ ಕೇಳಿದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಅಲ್ಲಿ ಕುಂದ್ರೋರು ನಮ್ಮತ್ತೀನ ಅಲ್ಲೇನ್ರೀ? ನಮಗೇನೂ ತ್ರಾಸ ಕೊಟ್ಟಿಲ್ಲ" ಎಂದು ಒಳಗೆ ಹೋದಳು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ.

ಹೀಗೆ ತಿಂಗಳುಗಟ್ಟಲೆ, ಮಡಿಚಿಟ್ಟ ಪುಟ ಬಂದಾಗಲೆಲ್ಲ ಮತ್ತೆ ಮೊದಲಿಂದ ಓದಿದೆ. ನಡುನಡುವೆ ಸಾರು, ಪಲ್ಯ, ಎಣಗಾಯಿ, ಜೋಳದ ಹಿಟ್ಟಿಗೆ ನೀರಿನ ಹದ ಎಲ್ಲ ಕಲಿತೆ. ನನ್ನ ಮನೆಗೆ ಮನೆಯ ಕಳೆ ಬಂದದ್ದು ಅವಳಿಂದ. ಆದರೆ ಒಂದು ದಿನ ಓದುತ್ತಿರುವಾಗ ಅವಳು ಆ ಖಾಲಿ ಚಾಪೆಯ ಕಡೆ ಕಿವಿಗೊಟ್ಟು, "ನಿನ್ನ ಒಲಿ ಮ್ಯಾಲೆ ಹಾಲು ಉಕ್ಕಾಕತ್ತೈತಂತ, ಓಡು" ಎಂದಳು. ಓಡಿದೆ. ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. ಅಂಗಳದ ಆಚೆ, ಬಾಗಿಲು ಮುಚ್ಚಿದ ಅಡಿಗೆ ಮನೆ... ಕಣ್ಣಿಲ್ಲದವರ ಮೂಗು ಚುರುಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೊರದ ಅಕ್ಕಿಯ ವಿಷಯವೂ ಹಾಗೆ. ಓದು ಮುಗಿಯುವ ಹೊತ್ತಿಗೆ ಮೊರದ ಅಂಚಿನಲ್ಲಿ ಕಲ್ಲಿನ ಪುಟ್ಟ ಗುಡ್ಡೆ ಇರುತ್ತಿತ್ತು. ದೊಡ್ಡಮ್ಮ ಮುಂಜಾನೆಯೇ ಬೆರಳಲ್ಲಿ ಮುಟ್ಟಿ ಆರಿಸಿರಬೇಕು ಅಂದುಕೊಂಡಿದ್ದೆ. ಒಮ್ಮೆ ನಮ್ಮ ಮನೆಯ ಚೀಲದಿಂದಲೇ ಎರಡು ಸೇರು ಅಕ್ಕಿ ತಂದು, ನಾನೇ ಮೊರಕ್ಕೆ ಸುರಿದು, ಆ ಚಾಪೆಯ ಮುಂದಿಟ್ಟು ಓದಲು ಕೂತೆ. ಸಾಲು ಸಾಲಿಗೂ ತಲೆ ಎತ್ತಿ ನೋಡುತ್ತಿದ್ದೆ. ದೊಡ್ಡಮ್ಮನ ಎರಡೂ ಕೈ ಮಡಿಲಲ್ಲೇ ಇದ್ದವು. ಕತೆಯಲ್ಲಿ ಅಕ್ಕ ಹೊಳೆ ದಾಟುವ ಭಾಗ ಬಂತು. ಅಲ್ಲಿ ಮೈಮರೆತು ಎರಡು ಪುಟ ಒಂದೇ ಸಮನೆ ಓದಿಬಿಟ್ಟೆ. ತಲೆಯೆತ್ತಿದಾಗ ಮೊರದ ಅಂಚಿನಲ್ಲಿ ಒಂಬತ್ತೋ ಹತ್ತೋ ಕಲ್ಲು, ಒಟ್ಟಿಗೆ...

ಆಗ ನಾನು ಬಸುರಿ. ನಾಲ್ಕು ತಿಂಗಳು ತುಂಬಿತ್ತು. ನನ್ನ ಗಂಡ, ಅವ್ವನ ಹೊರತು ಯಾರಿಗೂ ಹೇಳಿರಲಿಲ್ಲ. ಮರುದಿನ ಪುಸ್ತಕ ತೆರೆಯುವ ಮೊದಲೇ ದೊಡ್ಡಮ್ಮ ಮುಖ ಅರಳಿಸಿ, "ಹೆಣ್ಣಂತ. ಅಕಿ ಹೇಳಾಕತ್ತಾಳ" ಎಂದಳು.

ಆಕೆ ಹರ್ಷದಿಂದಲೇ ಹೇಳಿದ್ದು. ನಾನು ಮಾತ್ರ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ಮನೆಗೆ ಓಡಿಬಂದೆ. ಕುರುಗೋಡಿಗೆ ಫೋನು ಮಾಡಿದರೆ ಅವ್ವ ಗಾಬರಿಯಾದಳು. "ಬಸುರಿ ಹೆಂಗಸು ಅಂಥಲ್ಲಿ ಕುಂದರ್ತಾರೇನು? ನಾಳಿಗೇ ಬಸ್ ಹತ್ತು" ಎಂದಳು. ಗಂಡನಿಗೆ ಹೇಳಿದರೆ ನಗುತ್ತಿದ್ದರು. ಮಧ್ಯಾಹ್ನ ಹೋಗದೆ ಉಳಿದರೆ ದೊಡ್ಡಮ್ಮ ನಮ್ಮ ಹೊಸ್ತಿಲಲ್ಲಿ ಬಂದು ನಿಲ್ಲುತ್ತಿದ್ದಳು. ಆ ನಿಲುವು ನೋಡಲಾಗುತ್ತಿರಲಿಲ್ಲ. ಅವಳನ್ನು ಬಿಡಲು ಮನಸ್ಸಿಲ್ಲ, ಆ ಚಾಪೆಯ ಎದುರು ಕೂರಲು ಧೈರ್ಯವಿಲ್ಲ. ನಾಲ್ಕು ದಿನ ಒದ್ದಾಡಿ, ಇರುವುದು ಒಂದೇ ದಾರಿ ಎಂದು ತೀರ್ಮಾನಿಸಿದೆ. ಕತೆ ಮುಗಿಸಿಬಿಡುವುದು.

ಮಡಿಚಿಟ್ಟ ಪುಟ ಬಂದ ದಿನ ನಾನು ನಿಲ್ಲಲಿಲ್ಲ, ದನಿಯನ್ನೂ ಬದಲಿಸಲಿಲ್ಲ. ಪುಟ ತಿರುವಿ ಮುಂದಕ್ಕೆ ಹೋದೆ. ಅಲ್ಲಿಯವರೆಗಿನದೆಲ್ಲ ದೊಡ್ಡಮ್ಮನಿಗೆ ಬಾಯಿಪಾಠ. ಕೇಳರಿಯದ ಮೊದಲ ಸಾಲು ಬಿದ್ದೊಡನೆ ಅವಳ ಬೆರಳು ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದವು. ಈಗ ತಡೆಯುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದೆ. ಅವಳು ಕೈ ಎತ್ತಲಿಲ್ಲ. ಗಿರಣಿಯ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ. ಹತ್ತನೆಯ ಪುಟದ ಕೊನೆಯಲ್ಲಿ ಅಕ್ಕ ಒಂದು ಮನೆಯ ಬಾಗಿಲು ತಟ್ಟುತ್ತಾಳೆ. ತಂಗಿಯೇ ಬಂದು ಬಾಗಿಲು ತೆರೆಯುತ್ತಾಳೆ. ಅಷ್ಟಕ್ಕೇ ಕತೆ ಮುಗಿದಿತ್ತು.

"ಸಿಕ್ಕಳೇನು?" ದೊಡ್ಡಮ್ಮನ ದನಿ ಕೇಳಿಯೂ ಕೇಳದಂತಿತ್ತು.

"ಸಿಕ್ಕಳ್ರಿ ದೊಡ್ಡಮ್ಮ."

ಅವಳು ಪಕ್ಕದ ಚಾಪೆಯ ಮೇಲೆ ಕೈಯಾಡಿಸಿದಳು, ಒಂದು ತುದಿಯಿಂದ ಇನ್ನೊಂದು ತುದಿಗೆ, ಮಲಗಿದ ಕೂಸನ್ನು ಸವರುವ ಹಾಗೆ.

"ಹೋದ್ಲು ನೋಡು" ಎಂದಳು.

ಮರುದಿನ ನನ್ನನ್ನು ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ನಾನಾಗಿ ಹೋದರೆ ಮೊರದ ಅಕ್ಕಿ ಇದ್ದಂತೆಯೇ ಇತ್ತು. ನಾನೇ ಕೂತು ಕಲ್ಲು ಆರಿಸಿ ಕೊಟ್ಟೆ. ಅಷ್ಟು ವರ್ಷ ಮನೆ ತುಂಬ ಸಲೀಸಾಗಿ ಓಡಾಡಿದವಳು ಗೋಡೆ ಹಿಡಿದು ನಡೆಯತೊಡಗಿದಳು. ಒಮ್ಮೆ ಒಲೆಯ ಕಡೆ ಹೋಗಿ ಕೈ ಸುಟ್ಟುಕೊಂಡಳು. ಆ ಮೇಲೆ ಮನೆಯವರು ಅವಳನ್ನು ಅಡಿಗೆ ಮನೆಗೆ ಬಿಡಲಿಲ್ಲ.

ಹೆರಿಗೆಗೆ ನಾನು ಕುರುಗೋಡಿಗೆ ಬಂದೆ. ಹೆಣ್ಣೇ ಹುಟ್ಟಿತು. ಅಷ್ಟರಲ್ಲಿ ನಮ್ಮವರಿಗೆ ಬಳ್ಳಾರಿಗೆ ವರ್ಗವಾಯಿತು. ಸಿರುಗುಪ್ಪದ ಸಾಮಾನು ತರಲು ಹೋದಾಗ ಕೂಸನ್ನು ಒಯ್ದು ದೊಡ್ಡಮ್ಮನ ಮಡಿಲಿಗೆ ಹಾಕಿದೆ. ಅವಳು ಹಣೆ, ಮೂಗು, ಗದ್ದ ಮುಟ್ಟಿ ಮುಟ್ಟಿ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಅವತ್ತು ನಾ ಬೇಕಂತನ ಓದಿದ್ದೆ. ನನಗ ಹೆದರಿಕಿ ಆಗಿತ್ರಿ."

"ಗೊತ್ತೈತವ್ವಾ."

"ಮತ್ತ ಯಾಕ ಬ್ಯಾಡ ಅನ್ನಲಿಲ್ರೀ?"

ಅವಳು ಕೂಸಿನ ಅಂಗಾಲು ತಿಕ್ಕಿದಳು. "ತಂಗಿ ಸಿಕ್ಕಳೋ ಇಲ್ಲೋ ಅಂತ ನನಗೂ ತಿಳೀಬೇಕಾಗಿತ್ತು. ಓದೋ ಹುಚ್ಚು... ಒಂದ್ ಗಳಿಗಿ ಅಕಿನ್ನ ಮರತಬಿಟ್ಟೆ" ಎಂದಳು.

ಬೇರೊಂದು ಪುಸ್ತಕ ಓದಲೇ ಎಂದು ಕೇಳಿದೆ. ಟ್ರಂಕಿನ ಹತ್ತಿರವೂ ಹೋದೆ.

"ಬ್ಯಾಡ ಬಿಡವ್ವಾ. ಯಾರಿಗಂತ ಓದ್ತಿ?"

ಅವಳು ಹಾಗೆ ಕೇಳಿದಾಗ ನನಗೆ ತಿಳಿಯಿತು, ನಾನು ಓದುತ್ತಿದ್ದುದು ಅವಳಿಗಾಗಿ ಎಂದುಕೊಂಡಿದ್ದೆ, ಅವಳಿಗೆ ಮಾತ್ರ ಹಾಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳು ಹೋದ ಸುದ್ದಿ ಬಂತು. ಕೂಸಿಗೆ ಜ್ವರವಿತ್ತೆಂದು ಮಣ್ಣಿಗೂ ಹೋಗಲಾಗಲಿಲ್ಲ...

ಮಗಳಿಗೀಗ ಹತ್ತೊಂಬತ್ತು. ಮೊನ್ನೆ ಇದನ್ನೆಲ್ಲ ಹೇಳಿದಾಗ ಅವಳು ಮೊಬೈಲು ಬದಿಗಿಟ್ಟು ಕೇಳಿಸಿಕೊಂಡಳು.

"ಆಮ್ಯಾಲೆ ಅವ್ರು ನಿನಗ ಒಂದಿನಾನೂ ಬೈಲಿಲ್ಲೇನಮ್ಮಾ?"

"ಬೈದಿದ್ರ ಚಲೋ ಇತ್ತು" ಎಂದೆ. ಅವಳು ಇನ್ನೇನೋ ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಎದ್ದು ನೀರು ತಂದುಕೊಟ್ಟಳು.

ಅವಳಿಗೆ ಹೇಳದ ಮಾತೊಂದು ಉಳಿದಿದೆ. ಅವಳು ಕಾಲೇಜಿಗೆ, ಇವರು ಆಫೀಸಿಗೆ ಹೋದ ಮೇಲೆ, ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ನಾನು ಒಮ್ಮೊಮ್ಮೆ ದನಿ ತೆಗೆದು ಓದುತ್ತೇನೆ. ನಾಲ್ಕು ಪುಟಕ್ಕೊಮ್ಮೆ ನಿಲ್ಲಿಸಿ ಕಿವಿಗೊಡುತ್ತೇನೆ. ಈಗ ನನಗೆ ಹೆದರಿಕೆಯಿಲ್ಲ. ಫ್ಯಾನು ತಿರುಗುತ್ತಿರುತ್ತದೆ, ಕೆಳಗೆ ಯಾರದೋ ಗಾಡಿ ಸ್ಟಾರ್ಟ್ ಆಗುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರೂ ಬಂದಿಲ್ಲ.