ಮಾಸ್ಟಾರಿಗೆ ಹೇಳದ ರುಚಿ

ಕಳೆದ ಭಾನುವಾರ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕೆಳಗಿನ ಮನೆಯವರ ಅಳಿಯ ಹೊರದೇಶದಿಂದ ತಂದ ಸಿಗಾರು ಹಚ್ಚಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ನಿಂತುಬಿಟ್ಟೆ. ಹುರಿದ ಕಾಫಿಬೀಜ, ತಳ ಹಿಡಿದ ಬೆಲ್ಲದ ಪಾಕ, ಅದರ ಹಿಂದೆ ಹಳೆಯ ತೊಗಲು... ಕಪ್ಪು ಎಲೆ ಸುತ್ತಿದ ಸಿಗಾರು ಎಂದು ನೋಡದೆಯೇ ಗೊತ್ತಾಯಿತು. ನನ್ನ ಮೂಗು ಇನ್ನೂ ಕೆಟ್ಟಿಲ್ಲ. ಅದನ್ನು ಪಳಗಿಸಿದವರ ಮೇಲಿನ ಸಿಟ್ಟೂ ಹಳಸಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ವಿಜಯವಾಡದ ಒಂದು ಹೊಗೆಸೊಪ್ಪಿನ ಕಂಪನಿಯಲ್ಲಿದ್ದೆ. ಒನ್ ಟೌನ್ ಎನ್ನುವ ಹಳೇ ಪೇಟೆಯ ಸಗಟು ಅಂಗಡಿಗಳ ನಡುವೆ, ಮೆಣಸಿನಕಾಯಿ ಮೂಟೆಗಳ ಘಾಟಿನಲ್ಲಿ ನಮ್ಮ ಗೋದಾಮು. ಸಿಗಾರು ಮಾಡುವವರಿಗೆ ಎಲೆ ಆರಿಸಿ ಕಳಿಸುವುದು ನಮ್ಮ ಯಜಮಾನರ ವ್ಯಾಪಾರ. ಹುಣಸೂರಿನಲ್ಲಿ ನಮ್ಮಪ್ಪ ಹೊಗೆಸೊಪ್ಪಿನ ಹರಾಜು ಕಟ್ಟೆಯ ಗುಮಾಸ್ತರು. ಆ ವಾಸನೆಯಲ್ಲೇ ಬೆಳೆದವಳು ನಾನು. ಬಿ.ಎಸ್ಸಿ. ಮುಗಿಸಿ ಕಂಪನಿಯ ಲ್ಯಾಬಿಗೆ ಸೇರಿದೆ. ಅಲ್ಲಿಂದ ರುಚಿ ನೋಡುವ ಕೋಣೆಗೆ ಕರೆದುಕೊಂಡು ಹೋಗಿ ನನ್ನ ಮೂಗನ್ನು ಪಳಗಿಸಿದವರು ಅವರು.

ಕಂಪನಿಯಲ್ಲಿ ಎಲ್ಲರೂ ಅವರನ್ನು ಮಾಸ್ಟಾರು ಎನ್ನುತ್ತಿದ್ದರು. ಎಲೆಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಸುತ್ತಿ ಸೇದಿ, ಯಾವ ಮಣ್ಣಿನದು, ಎಷ್ಟು ಹದವಾಗಿದೆ ಎಂದು ಹೇಳುವುದು ಅವರ ಕೆಲಸ. ನಿಪ್ಪಾಣಿ ಕಡೆಯವರು. ಆಂಧ್ರಕ್ಕೆ ಬಂದು ಅರ್ಧ ಆಯುಸ್ಸು ಕಳೆದಿದ್ದರೂ ನನ್ನೊಡನೆ ತಮ್ಮ ಊರಿನ ಕನ್ನಡವನ್ನೇ ಆಡುತ್ತಿದ್ದರು. ಆ ಗೋದಾಮಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

"ಹೊಗಿ ನುಂಗಬ್ಯಾಡ ತಂಗಿ. ಬಾಯಾಗ ಇಟ್ಕೋ. ಒಂಚೂರು ಮೂಗಿನಿಂದ ಬಿಡು. ಈಗ ಏನ್ ಬಂತು, ಹೇಳು?"

ಮೊದಲ ಸಲ ಕೆಮ್ಮಿ ಕಣ್ಣೀರು ಸುರಿಸಿದೆ. ಆಮೇಲೆ ಕಲಿತೆ. ಸಂಜೆ ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಹಾಸ್ಟೆಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಮ್ಮೆ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋದಾಗ, ದಡದಲ್ಲಿ ಬೆಸ್ತರ ಮುದುಕಿಯರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವುದನ್ನು ಮಾಸ್ಟಾರು ತೋರಿಸಿ, "ನೋಡವಾ, ನೀ ಒಬ್ಬಾಕಿನ ಅಲ್ಲ" ಎಂದು ನಕ್ಕಿದ್ದರು. ಅಂಥ ಮನುಷ್ಯ. ಅದಕ್ಕೇ ಇಷ್ಟು ಸಿಟ್ಟು.

ಒಂದು ಚಳಿಗಾಲ ಅವರಿಗೆ ಕೆಟ್ಟ ಜ್ವರ ಬಂತು. ಚೇತರಿಸಿಕೊಂಡು ಬಂದವರು ಬಾಗಿಲು ಮುಚ್ಚಿ ನನ್ನ ಮುಂದೆ ಕೂತರು.

"ಮೂಗು ಸತ್ತೈತಿ ತಂಗಿ. ನಾಲಿಗಿಗೆ ಖಾರ, ಕಹಿ ತಿಳೀತೈತಿ. ಉಳಿದದ್ದು ಏನೂ ಇಲ್ಲ. ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ಅವತ್ತಿನಿಂದ ನಾನೇ ಅವರ ಮೂಗಾದೆ. ಯಜಮಾನರ ಎದುರಿಗೇ ಅವರು ಕನ್ನಡದಲ್ಲಿ "ಏನ್ ಬರಾಕತ್ತೈತಿ?" ಎಂದು ಕೇಳುವರು. ನಾನು ಕನ್ನಡದಲ್ಲಿ ಹೇಳುವೆ. ಅವರು ಕಣ್ಣು ಮುಚ್ಚಿ, ಒಂದು ಕ್ಷಣ ಬಿಟ್ಟು, ಅದನ್ನೇ ತೆಲುಗಿನಲ್ಲಿ ಹೇಳುವರು. ಶಿಷ್ಯೆಗೆ ಪಾಠ ಮಾಡುತ್ತಿದ್ದಾರೆ ಎಂದು ಯಜಮಾನರು ತಿಳಿದಿದ್ದರು. ನನಗೆ ಬೇಸರವಿರಲಿಲ್ಲ. ಗುರುವಿಗೆ ಮಾಡುವ ಸೇವೆ ಅಂದುಕೊಂಡಿದ್ದೆ...

ಮುಂದಿನ ಮಳೆಗಾಲದಲ್ಲಿ ಹಡಗಿಗೆ ಹೋಗಬೇಕಾದ ಒಂದು ಲಾಟಿನಲ್ಲಿ ಬೂಸ್ಟಿನ ವಾಸನೆ ಬಂತು. "ಇದನ್ನ ಕಳಿಸ್ಬೇಡಿ ಸರ್" ಎಂದು ಮಾಸ್ಟಾರಿಗೆ ಎರಡೆರಡು ಸಲ ಹೇಳಿದೆ. ಯಜಮಾನರು ಅವಸರ ಮಾಡುತ್ತಿದ್ದರು. ಅವರಿಗೆ ಎದುರಾಡಲಾರದೆ ಮಾಸ್ಟಾರು ಲಾಟನ್ನು ಪಾಸು ಮಾಡಿದರು. ಕೊಂಡವರು ಅದನ್ನು ತಿರಸ್ಕರಿಸಿದರು.

ಯಜಮಾನರು ಇಬ್ಬರನ್ನೂ ಕರೆಸಿದರು. ಮಾಸ್ಟಾರು ನನ್ನ ಕಡೆ ನೋಡದೆ, ತೆಲುಗಿನಲ್ಲಿ, ಆ ಲಾಟು ನೋಡಿದ್ದು ಈ ಹುಡುಗಿ ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಬಹುಶಃ ಸಹಿಸುತ್ತಿದ್ದೆ. "ಹೆಣ್ಣುಮಕ್ಕಳಲ್ಲವೇ ಸಾರ್, ತಿಂಗಳಲ್ಲಿ ಕೆಲವು ದಿನ ಮೂಗು ಕೈಕೊಡುತ್ತದೆ" ಎಂದೂ ಸೇರಿಸಿದರು. ಯಜಮಾನರು ನಕ್ಕರು. ಬಾಗಿಲಲ್ಲಿದ್ದ ಗುಮಾಸ್ತ ನಕ್ಕ. ಅಲ್ಲೇ ಅವರ ಗುಟ್ಟು ಬಿಚ್ಚಬಹುದಿತ್ತು. ಆದರೆ ಆ ಗಳಿಗೆಯಲ್ಲಿ ನಾನು ಏನು ಹೇಳಿದರೂ ಅಳುಬುರುಕಿಯ ಸಬೂಬಾಗುತ್ತಿತ್ತು. ಹಾಗೇ ಹೊರಗೆ ಬಂದೆ.

ನನ್ನನ್ನು ಗೋದಾಮಿನ ಹಿಂಭಾಗಕ್ಕೆ, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕಡೆಗೆ ಹಾಕಿದರು. ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ನಾನಿಲ್ಲದೆ ಅವರು ಹೆಚ್ಚು ದಿನ ನಡೆಸಲಾರರು ಎಂದು ನನಗೆ ಗೊತ್ತಿತ್ತು. ಕಾದೆ. ಪ್ರತಿ ಪೆಟ್ಟಿಗೆಗೆ ಅಂಟು ಹಚ್ಚುವಾಗಲೂ ಅವರ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡೆ, ಮರೆತುಹೋಗಬಾರದೆಂದು.

ಬಂದರು. ತಲೆ ಬಗ್ಗಿಸಿಕೊಂಡು, ಪೆಟ್ಟಿಗೆಗಳ ನಡುವೆ.

"ವೈಜಾಗಿಗೆ ದೊಡ್ಡ ಏಜೆಂಟರು ಬರ್ತಾರ. ಭಾಳ ಅಪರೂಪದ ಸಿಗಾರು ತರ್ತಾರಂತ. ಅದರ ರುಚಿ ಬಿಡಿಸಿ ಹೇಳಿದರನ ವ್ಯಾಪಾರ. ನೀ ಬಾ ತಂಗಿ. ಆಗಿದ್ದು ಮರತು ಬಿಡು."

"ಬರ್ತೀನಿ ಸರ್" ಅಂದೆ. ದನಿಯನ್ನು ಮೆತ್ತಗೆ ಇಟ್ಟುಕೊಂಡೆ.

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಒಂದು ಹೋಟೆಲಿನ ಸಣ್ಣ ಕೋಣೆ. ಯಜಮಾನರು, ಗುಂಟೂರು ಕಡೆಯ ಆ ಏಜೆಂಟರು, ಅವರ ಜೊತೆಗೆ ಬಂದ ಇನ್ನಿಬ್ಬರು. ಮೇಜಿನ ಮೇಲೆ ಬಿಸಿನೀರು, ಕಾಫಿ, ಹೆಚ್ಚಿಟ್ಟ ಸೀಬೆಹಣ್ಣು. ಏಜೆಂಟರು ಮರದ ಡಬ್ಬಿ ತೆರೆದರು. ಅಂಥ ಸಿಗಾರನ್ನು ನಾನು ನೋಡಿರಲಿಲ್ಲ. ಹೊರಗಿನ ಎಲೆ ಹೆಚ್ಚುಕಡಿಮೆ ಕಪ್ಪು. ಎಣ್ಣೆ ಸವರಿದ ಹಾಗೆ ಹೊಳಪು. ಎಲೆಯನ್ನು ವರ್ಷಗಟ್ಟಲೆ ರಾಶಿ ಒಟ್ಟಿ, ಅದರದೇ ಬಿಸಿಯಲ್ಲಿ ಬೆವರಿಸಿ, ಮತ್ತೆ ಒಟ್ಟಿದರೆ ಮಾತ್ರ ಬರುವ ಕಪ್ಪು ಅದು. ಮಾಸ್ಟಾರು ಅದನ್ನು ಎತ್ತಿಕೊಂಡರು. ಮೂಗಿನ ಹತ್ತಿರ ಹಿಡಿದರು. ತುದಿ ಕತ್ತರಿಸಿ, ಹಚ್ಚಿ, ಬಾಯಲ್ಲಿ ಹೊಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅದನ್ನು!

"ಏನ್ ಬರಾಕತ್ತೈತಿ?" ಎಂದು ಮೆಲ್ಲಗೆ ಕೇಳಿದರು.

ನಾನು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಉತ್ತರ ಕೊಟ್ಟೆ. "ಮಾಸ್ಟಾರೂ, ಮೀಕು ವಾಸನ ತೆಲಿಯಟ್ಲೇದಾ?"

ನಿಮಗೆ ವಾಸನೆ ಗೊತ್ತಾಗುತ್ತಿಲ್ಲವೇ? ಅಷ್ಟೇ ಕೇಳಿದ್ದು. ಅವರು ಕಣ್ಣು ತೆರೆದರು. ಯಜಮಾನರು ಏನೋ ತಮಾಷೆ ಎಂದುಕೊಂಡು ನಗುತ್ತಿದ್ದವರು, ಮಾಸ್ಟಾರ ಮುಖ ನೋಡಿ ನಗು ನಿಲ್ಲಿಸಿದರು. "ಜ್ವರ ಬಂದಾಗಿನಿಂದ ಇವರಿಗೆ ವಾಸನೆ ಬರುವುದಿಲ್ಲ. ಇಷ್ಟು ದಿನ ನಾನು ಕನ್ನಡದಲ್ಲಿ ಹೇಳಿದ್ದನ್ನು ಇವರು ನಿಮಗೆ ತೆಲುಗಿನಲ್ಲಿ ಹೇಳುತ್ತಿದ್ದರು. ಬೂಸ್ಟು ಹಿಡಿದ ಲಾಟನ್ನು ಕಳಿಸಬೇಡಿ ಎಂದವಳೂ ನಾನೇ" ಎಂದೆ.

ಯಜಮಾನರು ಅವರಿಗೆ ಕಣ್ಣು ಮುಚ್ಚಲು ಹೇಳಿ, ಸೀಬೆಹಣ್ಣಿನ ಹೋಳೊಂದನ್ನು ಮೂಗಿನ ಕೆಳಗೆ ಹಿಡಿದರು. ಕೋಣೆಯೆಲ್ಲ ಹಣ್ಣಿನ ಘಮ. ಮಾಸ್ಟಾರು ಮತ್ತೆ ಮತ್ತೆ ಉಸಿರೆಳೆದು, "ಕಾಫಿ" ಎಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ನನ್ನ ಮುಂದೆ ನಕ್ಕಿದ್ದರಲ್ಲ, ಹಾಗೆ.

ಏಜೆಂಟರು ಡಬ್ಬಿಯಿಂದ ಇನ್ನೊಂದನ್ನು ತೆಗೆದು ನನಗೆ ಕೊಟ್ಟು, "ಮೀರು ಚೆಪ್ಪಂಡಮ್ಮಾ" ಎಂದರು. ನೀವೇ ಹೇಳಿ ಎಂದು ಕೊಟ್ಟದ್ದನ್ನು ನಿಧಾನವಾಗಿ ಸೇದಿದೆ. ಶುರುವಿಗೆ ಕಾಳುಮೆಣಸು ಮೂಗಿಗೆ ಹತ್ತಿ ತಕ್ಷಣ ಇಳಿಯಿತು. ಆಮೇಲೆ ಕಾಫಿ, ಸುಟ್ಟ ಬೆಲ್ಲ, ಒಣದ್ರಾಕ್ಷಿಯ ಹುಳಿಸಿಹಿ. ನಡುವಿನಿಂದ ಮೊದಲ ಮಳೆ ಬಿದ್ದ ಮಣ್ಣು. ಕೊನೆಯಲ್ಲಿ ತೊಗಲು, ಸ್ವಲ್ಪವೂ ಕಹಿಯಿಲ್ಲದೆ. ಬೂದಿ ಬಿಳಿಯಾಗಿ, ಉದುರದೆ ನಿಂತಿತ್ತು. ಎಲ್ಲವನ್ನೂ ಹೇಳಿದೆ, ತೆಲುಗಿನಲ್ಲಿ. ಆ ಹೊತ್ತಿಗೆ ಮಾಸ್ಟಾರು ಹೊರಗೆ ಹೋಗಿಯಾಗಿತ್ತು. ಅವರು ಹಚ್ಚಿದ ಸಿಗಾರು ತಟ್ಟೆಯಲ್ಲಿ ತಾನೇ ಆರಿತು.

ವ್ಯಾಪಾರ ಕುದುರಿತು. ಅವರ ಕುರ್ಚಿ ನನಗೆ ಬಂತು. ಅವರು ವಿಶಾಖಪಟ್ಟಣದ ಹತ್ತಿರ ಪೆಂಡುರ್ತಿಯಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟರು ಎಂದು ಯಾರೋ ಹೇಳಿದರು.

ಒಂದೆರಡು ವರ್ಷದ ಮೇಲೆ, ವಿಶಾಖಪಟ್ಟಣದಲ್ಲಿ ಕೆಲಸವಿದ್ದಾಗ, ಹುಡುಕಿಕೊಂಡು ಅಲ್ಲಿಗೆ ಹೋದೆ. ಕನಿಕರದಿಂದಲ್ಲ. ಹೇಗಾಗಿದ್ದಾರೆ ಎಂದು ಕಣ್ಣಾರೆ ನೋಡಬೇಕಿತ್ತು. ಮಗಳು ಕುರ್ಚಿ ಹಾಕಿ ಟೀ ಕೊಟ್ಟರು. ಮಾಸ್ಟಾರು ಬಡವಾಗಿದ್ದರು, ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಕ್ಷಮೆ ಕೇಳಬಹುದು ಎಂದುಕೊಂಡಿದ್ದೆ. ಕೇಳಿದರೆ ಏನು ಹೇಳಬೇಕೆಂದೂ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಅವರು ಕ್ಷಮೆ ಕೇಳಲಿಲ್ಲ. ಮಗಳು ಒಳಗೆ ಹೋದ ಮೇಲೆ ಮುಂದಕ್ಕೆ ಬಾಗಿ ಕೇಳಿದರು.

"ಆ ಕರೀ ಸಿಗಾರು... ಹೆಂಗಿತ್ತು ತಂಗಿ? ಅಂಥಾದ್ದು ನನ್ನ ಕೈಯಾಗ ಮತ್ತ ಬರೂದಿಲ್ಲ. ಶುರುವಿಗೆ ಏನ್ ಬಂತು? ಕಡೀಕ?"

ಮುಖದಲ್ಲಿ ಸಿಟ್ಟಿರಲಿಲ್ಲ. ಹಸಿವಿತ್ತು. ಒಂದೊಂದು ರುಚಿಯೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವರು ಕಣ್ಣು ಮುಚ್ಚಿ, ನನ್ನ ಮಾತಿನಲ್ಲೇ ಅದನ್ನು ಸೇದುತ್ತಿದ್ದರು. ಅದೂ ನನಗೆ ಗೊತ್ತಿತ್ತು.

"ನೆನಪಿಲ್ಲ ಸರ್" ಅಂದೆ.

ಟೀ ಮುಗಿಸಿ ಎದ್ದೆ. ಅವರು ಗೇಟಿನವರೆಗೆ ಬಂದರು. ಮತ್ತೆ ಕೇಳಲಿಲ್ಲ.

ಅವರು ತೀರಿಹೋದ ಸುದ್ದಿಯನ್ನು ಮಗಳು ಫೋನಿನಲ್ಲಿ ತಿಳಿಸಿದರು. ನಾನು ಹೋಗಲಿಲ್ಲ. ಈಗ ಮೈಸೂರಿನಲ್ಲಿದ್ದೇನೆ, ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಅವತ್ತು ಆ ರುಚಿಯನ್ನು ಅವರಿಗೆ ಹೇಳಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಭಾನುವಾರ, ಸಾರು ಒಲೆಯ ಮೇಲೆ ಕುದಿಯುತ್ತಿದ್ದಾಗ, ಕೆಳಗಿನವನ ಸಿಗಾರಿನಲ್ಲಿ ಒಂದು ತಪ್ಪು ಹಿಡಿದೆ. ಎಲೆಯನ್ನು ಅವಸರದಲ್ಲಿ ಹದ ಮಾಡಿದ್ದಾರೆ, ಕೊನೆಗೆ ಕಹಿ ಉಳಿಯುತ್ತದೆ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಗಂಡನಿಗೆ ಹೇಳಿದರೆ ಕಿಟಕಿ ಮುಚ್ಚು ಎನ್ನುತ್ತಾರೆ. ಈ ಮಾತು ಅರ್ಥವಾಗುತ್ತಿದ್ದವರು ಒಬ್ಬರೇ... ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವರು ಇಲ್ಲ.