ನೋವಿಲ್ಲದ ಮೈಗ್ರೇನ್

ಒಂದು ವರ್ಷದಿಂದ ನನ್ನ ಕಾಲ ಕೆಳಗಿನ ನೆಲ ನೆಟ್ಟಗಿರಲಿಲ್ಲ. ಗಿರ್ರನೆ ತಿರುಗುತ್ತಿರಲಿಲ್ಲ, ತೆಪ್ಪದ ಮೇಲೆ ನಿಂತ ಹಾಗೆ ಓಲಾಡುತ್ತಿತ್ತು. ಹಾಸನದಲ್ಲಿ ಕಾನೂನು ಓದುತ್ತ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡವಳಿಗೆ ನಿಂತು ಮಾತಾಡಲಾಗದಿದ್ದರೆ ಇನ್ನೇನು ಉಳಿಯಿತು? ಎರಡು ಸ್ಪರ್ಧೆ ಬಿಟ್ಟಿದ್ದೆ. ಚನ್ನರಾಯಪಟ್ಟಣದ್ದನ್ನೂ ಬಿಟ್ಟರೆ ತಂಡದಲ್ಲಿ ನನ್ನ ಜಾಗ ಹೋಗುತ್ತಿತ್ತು.

ಸಾಲಗಾಮೆಯ ನಮ್ಮ ಮನೆಯಲ್ಲಿ ಅಮ್ಮನ ತೀರ್ಪು ಮೊದಲೇ ಹೊರಬಿದ್ದಿತ್ತು. "ಪಿತ್ತ ಕಣೇ. ಶನಿವಾರ ದೇವ್ರಿಗೆ ಒಪ್ಪತ್ತು ಮಾಡು, ಸರಿ ಓಯ್ತದೆ."

ದೇವರನ್ನು ನಂಬದ ನಾನು ಒಪ್ಪಿದ್ದು ಭಕ್ತಿಯಿಂದಲ್ಲ. ಹೊಟ್ಟೆಗೆ ಬಿಡುವು ಕೊಟ್ಟರೆ ಪಿತ್ತ ಇಳಿಯುತ್ತದೆ ಎಂಬುದು ನನಗೂ ವಿಜ್ಞಾನದ ಹಾಗೇ ಕೇಳಿಸಿತು. ಶನಿವಾರ ಮಧ್ಯಾಹ್ನ ಉಂಡರೆ ಭಾನುವಾರ ಬೆಳಿಗ್ಗೆಯೇ ಮತ್ತೆ ತುತ್ತು.

ಕಿವಿಯ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಸರಿಯಾಗಿ ಬಂದ ಮೇಲೆ ಅಮ್ಮನೂ ನಾನೂ ಹಾಸನದ ನರರೋಗ ತಜ್ಞೆಯ ಬಳಿ ಹೋದೆವು. ಪಿಯುಸಿಯಲ್ಲಿದ್ದಾಗ ಬರುತ್ತಿದ್ದ ತಲೆನೋವು, ಈಗ ಓಲಾಟದ ಜೊತೆ ಟ್ಯೂಬ್‌ಲೈಟ್ ಕಂಡರೆ ಆಗುವ ಹಿಂಸೆ, ಎಲ್ಲ ಕೇಳಿ ಅವರು ಮೈಗ್ರೇನ್ ಎಂದರು.

"ಈಗ ತಲೆನೋವೇ ಇಲ್ವಲ್ಲ ಮೇಡಂ."

"ಪ್ರತಿ ಸಲ ನೋವು ಬರಲೇಬೇಕು ಅಂತಿಲ್ಲ."

"ಹಾಗಾದ್ರೆ ಇದು ಔರಾನಾ? ನೋವಿಗೆ ಮುಂಚೆ ಕಣ್ಣಲ್ಲಿ ಮಿಂಚಿನ ಗೆರೆ ಬರುತ್ತಲ್ಲ, ಅದು ಸಾಮಾನ್ಯವಾಗಿ ಗಂಟೆಯೊಳಗೆ ಮುಗಿಯುತ್ತೆ. ನನ್ನದು ದಿನವಿಡೀ ಇರುತ್ತೆ."

ಅವರು ನಕ್ಕರು. "ಔರಾ ಅಲ್ಲ ಅನ್ನೋದ್ರಲ್ಲಿ ನೀವು ಗೆದ್ರಿ. ಮೈಗ್ರೇನ್ ಅಲ್ಲ ಅನ್ನೋದ್ರಲ್ಲಿ ಗೆಲ್ಲಲಿಲ್ಲ. ತಲೆಸುತ್ತಾಗಿಯೂ ಅದು ಬರುತ್ತೆ, ಮನೆತನದಲ್ಲೂ ಬರುತ್ತೆ. ಯಾವತ್ತು ಜಾಸ್ತಿ?"

"ಭಾನ್ವಾರ ಮೇಡಂ," ಅಮ್ಮ ನಡುವೆ ಬಾಯಿ ಹಾಕಿದಳು. "ಎದ್ದೇಳಕ್ಕೇ ಆಗಲ್ಲ ಇವ್ಳಿಗೆ."

"ಶನಿವಾರ ಏನು ಮಾಡ್ತೀರಿ?"

ಅಮ್ಮ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ಒಪ್ಪತ್ತಿನ ಕಥೆ ಕೇಳಿ ಮಾತ್ರೆ ಬರೆದುಕೊಟ್ಟರು. ಹಸಿವು ಇದನ್ನು ಕೆರಳಿಸುತ್ತದೆ, ಊಟ ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಮಲಗಿ, ಗುಣ ಕಾಣಲು ಕೆಲವು ವಾರ ಬೇಕು ಎಂದರು.

ಬಸ್ಸಿನಲ್ಲಿ ಅಮ್ಮ ಮಾತ್ರೆಯ ಚೀಟಿ ಮಡಚಿ ಚೀಲಕ್ಕೆ ಹಾಕಿ, "ಅಂಗಾದ್ರೆ ನಿನ್ ಒಪ್ಪತ್ತು ನಾನೇ ಮಾಡ್ತೀನಿ ಬುಡು," ಎಂದಳು.

"ನಿಂಗೂ ಅರೆತಲೆನೋವು ಬತ್ತದಲ್ಲ. ಮನೆತನದ್ದು ಅಂದಿದ್ದು ಕೇಳಿಸ್ಲಿಲ್ವಾ?"

"ನನ್ ತಲೇನ ನಿನ್ ವಾದಕ್ಕೆ ಎಳೀಬ್ಯಾಡ."

ಆದರೆ ಆ ಶನಿವಾರ ಸಂಜೆ ಅಕ್ಕಿರೊಟ್ಟಿ ತಟ್ಟಿ ಎರಡು ತಟ್ಟೆ ಇಟ್ಟಳು.

"ದೇವ್ರಿಗೆ ಏನಂದೆ?"

"ಡಾಕ್ಟ್ರು ಏಳವ್ರೆ ಅಂದೆ. ಆಯಪ್ಪ ನಿನ್ನಂಗೆ ವಾದ ಮಾಡಲ್ಲ."

ಓಲಾಟ ಇನ್ನೂ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಚನ್ನರಾಯಪಟ್ಟಣದ ವೇದಿಕೆಯಲ್ಲಿ ಮಾತಿನ ನಡುವೆ ನೆಲ ಒಮ್ಮೆ ಜಾರಿದಂತಾಯಿತು. ಮೇಜು ಹಿಡಿದು ನಿಂತೆ. ನನಗೆ ಮಾತು ಸಿಗಲಿಲ್ಲವೆಂದುಕೊಂಡು ಎದುರು ತಂಡದವನು ನಕ್ಕ. ನೆಲ ನಿಂತಿತು. ಮೇಜಿನಿಂದ ಕೈ ತೆಗೆದು ಅವನ ಕಡೆಗೆ ತಿರುಗಿದೆ.