ಎರಡೂರಿನ ಪುಸ್ತಕಕ್ಕೆ ದಾನೇಶ್ವರಿಯ ಹೊಲಿಗೆ

ಗೋಕಾಕದ ಪೇಟೆಯ ಹಿಂದಿನ ಓಣಿ ಇನ್ನೂ ಪೂರ್ತಿ ಎದ್ದಿಲ್ಲ. ಹಾಲಿನ ಕ್ಯಾನುಗಳ ಸದ್ದಷ್ಟೇ ಕೇಳುತ್ತಿದೆ. ದಾನೇಶ್ವರಿಯವರ ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿದೆ. ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತು ಹಾಕಿ, ಗಂಟಾಗದಂತೆ ತಿರುವಿ ಇಳಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ಹೊತ್ತಿಗೆ ಅಂಟು ಹದಕ್ಕೆ ಆರಿರುತ್ತದೆ. ಸೆರಗು ಸಿಗಿಸಿ ಕೂರುತ್ತಾರೆ. ಎದುರಿಗೆ ಮಠವೊಂದರ ವಚನದ ಕಟ್ಟು, ಸಾಲೆಯ ಹಾಜರಿ ಪುಸ್ತಕ, ಬೆನ್ನು ಮುರಿದ ನಿಘಂಟು.

"ದಿನಾ ಐದಾರು ಪುಸ್ತಕ ಕೈಯಾಗ ಬರ್ತಾವ್ರಿ. ಯಾವುದೂ ಪೂರಾ ಓದಿಲ್ಲ. ಓದಕೋತ ಕುಂತ್ರ ಹೊಲಿಯೋರು ಯಾರು?" ಎಂದು ನಗುತ್ತಾರೆ.

ಐವತ್ತರ ಆಸುಪಾಸಿನ ದಾನೇಶ್ವರಿಯವರ ತವರು ಮಮದಾಪುರ. ಸೊಸೆಯಾಗಿ ಬಂದಾಗ ಪುಸ್ತಕ ಕಟ್ಟುವ ಈ ಅಂಗಡಿ ಮಾವ ಗುರುಲಿಂಗಪ್ಪನವರದು. ಅವರ ಕೈ ನಡುಗಲು ಶುರುವಾದ ವರ್ಷ, ಬಸ್ ಕಂಡಕ್ಟರ್ ಆಗಿದ್ದ ಗಂಡ ಸೋಮಶೇಖರ ಅಂಗಡಿ ಮುಚ್ಚೋಣವೆಂದರು. ಮಾವ ಮಾತ್ರ ಸೊಸೆಯನ್ನು ಕರೆದು ದಬ್ಬಣ ಕೊಟ್ಟರು. ಅವರು ಬಾಯಲ್ಲಿ ಹೇಳುವುದು, ಇವರು ಕೈಯಲ್ಲಿ ಮಾಡುವುದು. ಹೆಣ್ಣುಮಗಳು ಅಂಗಡಿ ಬಾಗಿಲಲ್ಲಿ ಕೂರುವುದೇ ಎಂದು ಓಣಿಯವರು ಕೆಲಕಾಲ ಆಡಿಕೊಂಡರು, ಆಮೇಲೆ ತಮ್ಮ ಮಕ್ಕಳ ಪಠ್ಯಪುಸ್ತಕಗಳನ್ನೇ ತಂದುಕೊಟ್ಟರು. ಝೆರಾಕ್ಸ್ ಅಂಗಡಿಗಳು ಬಂದ ಮೇಲೆ ಅರ್ಧ ಕೆಲಸ ಅತ್ತ ಹೋಯಿತು. ಕಣ್ಣೂ ಮೊದಲಿನಂತಿಲ್ಲ, ಸೂಜಿಗೆ ದಾರ ಪೋಣಿಸಲು ಬಿಸಿಲಿಗೆ ಹೋಗಬೇಕು.

ಇವರ ಕೆಲಸ ಎಂಥದ್ದೆಂದು ತಿಳಿಯಬೇಕಾದರೆ ಕಳೆದ ಶ್ರಾವಣದಲ್ಲಿ ನಡೆದದ್ದನ್ನು ಕೇಳಬೇಕು.

ಮೂಡಲಗಿಯಿಂದ ಮಾಯಪ್ಪ ಎಂಬ ಹಿರಿಯರು ಎರಡು ಬಟ್ಟೆಯ ಗಂಟು ಹಿಡಿದು ಬಂದರು. ಅಲ್ಲಿಯ ಕ್ರೈಸ್ತ ಸಭೆಯಲ್ಲಿ ಪ್ರತಿ ಭಾನುವಾರ ಗ್ರಂಥ ಓದುವವರು ಅವರು. ಎರಡೂ ಗಂಟಿನಲ್ಲಿದ್ದದ್ದು ಒಂದೇ ಪುಸ್ತಕದ ಅರ್ಧರ್ಧ.

ಮಾಯಪ್ಪನವರ ತಂದೆ ಅಣ್ಣಪ್ಪ, ನದಿ ದಂಡೆಯ ಊರೊಂದರಲ್ಲಿ ಆ ಪುಸ್ತಕ ಓದುತ್ತಿದ್ದವರು. ಕೇಳುವವರಲ್ಲಿ ಹೆಚ್ಚಿನವರಿಗೆ ಅಕ್ಷರ ಬಾರದು. ಅಣ್ಣಪ್ಪ ಓದಿದ್ದೇ ಅವರ ಗ್ರಂಥ, ಅದನ್ನು ಕೇಳಿದವರೇ ಒಂದು ಸಭೆ. ಹಿಡಕಲ್ ಅಣೆಕಟ್ಟಿನ ನೀರು ಏರಿ ಊರು ಬಿಡಬೇಕಾದಾಗ ಕೆಲವು ಮನೆಗಳು ಹುಕ್ಕೇರಿ ಕಡೆಗೆ, ಉಳಿದವು ಮೂಡಲಗಿಗೆ ಹೋದವು. ಪುಸ್ತಕ ನಮಗಿರಲಿ ಎಂದು ಎರಡೂ ಕಡೆಯವರು ಅತ್ತರು. ಅಣ್ಣಪ್ಪ ಚಾಕು ತಂದು ನಡುವಿನ ಹೊಲಿಗೆ ಕೊಯ್ದರು. ಯೇಸುವಿನ ಕಥೆ, ಶಿಷ್ಯರು ಊರೂರು ತಿರುಗಿದ ಕಥೆ ಇದ್ದ ಮೊದಲ ಪಾಲು ಹುಕ್ಕೇರಿಯವರ ಜೊತೆ ಹೊರಟಿದ್ದ ಮಗಳು ಗೌರಕ್ಕನಿಗೆ. ಆದಿಕಾಲದ ಸಭೆಗಳಿಗೆ ಪೌಲ ಮೊದಲಾದ ಯೇಸುವಿನ ಅನುಯಾಯಿಗಳು ಬರೆದ ಪತ್ರಗಳಿದ್ದ ಎರಡನೆಯ ಪಾಲು ಮಗ ಮಾಯಪ್ಪನಿಗೆ. ಮುಂದೆ ಎರಡೂ ಕಡೆ ಹೊಸ ಅಚ್ಚಿನ ಪುಸ್ತಕ ಬಂದವು. ಆದರೂ ಮದುವೆ, ನಾಮಕರಣಗಳಲ್ಲಿ ಕೈಯಿಡುವುದು ಆ ಹಳೆಯ ಅರ್ಧದ ಮೇಲೆಯೇ.

"ಈ ಸಲ ಎರಡೂ ಸಭಾ ಮೂಡಲಗ್ಯಾಗ ಕೂಡ್ತಾವು. ಅಷ್ಟರಾಗ ಇದನ್ನ ಒಂದ ಮಾಡಿಕೊಡವಾ," ಎಂದು ಮಾಯಪ್ಪ ಹೇಳಿ ಹೋದರು.

ಅದೇ ವಾರ ಗೌರಕ್ಕ ಒಬ್ಬರೇ ಹುಕ್ಕೇರಿ ಬಸ್ಸಿಳಿದು ಬಂದರು. ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. "ಅದನ್ನ ಕೂಡಿಸಬ್ಯಾಡ ಯವ್ವಾ," ಎಂದರು. "ತಮ್ಮ ಕೇಳಿದಾಗ ಇಲ್ಲನ್ನಾಕ ಆಗಲಿಲ್ಲ. ಅವರದು ದೊಡ್ಡ ಸಭಾ, ಕೂಡಿಸಿದ್ರ ಅಲ್ಲೇ ಉಳೀತೈತಿ. ನಮ್ಮವು ನಾಕ ಮನಿ. ಯಾರು ನೀವು ಅಂದ್ರ, ಆ ಪುಸ್ತಕದ ಮಂದಿ ಅಂತ ಹೇಳ್ಕೋತ ಬಂದೇವಿ. ಅದೂ ಹೋದ್ರ ಏನಂತ ಹೇಳೂದು?"

ದಾನೇಶ್ವರಿಯವರಿಗೆ ಅವ್ವನ ನೆನಪಾಯಿತು. ತವರಿನಲ್ಲಿ ಪಾಲಾದಾಗ ಅವ್ವ ದಿನಾ ಓದುತ್ತಿದ್ದ ವಚನದ ಕಟ್ಟು ಅಣ್ಣನ ಮನೆ ಸೇರಿತ್ತು. ಅದನ್ನು ತಮಗೆ ಕೊಡೆಂದು ಕೇಳಬೇಕೆಂದಿದ್ದರು, ಕೇಳಲಿಲ್ಲ. ಗೌರಕ್ಕನಿಗೆ ಚಹಾ ಕೊಟ್ಟು, ಬಸ್ಸು ಹತ್ತಿಸಿ ಬಂದು, ಆವರೆಗೆ ಬಿಚ್ಚದೇ ಇದ್ದ ಎರಡೂ ಗಂಟು ಬಿಚ್ಚಿದರು. ಹಾಳೆ ಒಂದೊಂದಾಗಿ ತಿರುವಿದರು. ಮರುದಿನ ಅಕ್ಕ ತಮ್ಮ ಇಬ್ಬರಿಗೂ ಫೋನ್ ಮಾಡಿ, ಜೊತೆಯಾಗಿ ಬರಬೇಕೆಂದರು.

ಇಬ್ಬರೂ ಬಂದು ಕುಳಿತಾಗ ದಾನೇಶ್ವರಿ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಒಂದು, ಗೌರಕ್ಕನ ಪಾಲಿನ ಕೊನೆಯ ಹಾಳೆ. ಅದರ ಒಂದು ಬದಿಗೆ ಕಥೆ ಮುಗಿಯುತ್ತಿತ್ತು, ಇನ್ನೊಂದು ಬದಿಗೆ ಮೊದಲ ಪತ್ರ ಶುರುವಾಗುತ್ತಿತ್ತು. ಹಾಳೆಯನ್ನು ಸೀಳಲಾಗದು. ಅದಕ್ಕೇ ಅಣ್ಣಪ್ಪ ಅದನ್ನು ಮಗಳಿಗೆ ಬಿಟ್ಟು, ಪತ್ರದ ಮೊದಲ ಪುಟವನ್ನು ಬೇರೆ ಹಾಳೆಯಲ್ಲಿ ಕೈಯಾರೆ ಬರೆದು ಮಗನ ಪಾಲಿಗೆ ಸೇರಿಸಿದ್ದರು. ಎರಡನೆಯದು ಆ ಬರೆದ ಹಾಳೆ.

"ಕೂಡಿಸಿ ಹೊಲದ್ರ ಅದ ಮಾತು ಎರಡ ಸಲ ಬರತೈತ್ರಿ," ಎಂದರು ದಾನೇಶ್ವರಿ. "ಒಂದು ಹಾಳಿ ತೆಗೀಬೇಕಾಕ್ಕೈತಿ. ಯಾವುದು ತೆಗೀಲಿ, ನೀವ ಹೇಳ್ರಿ."

ಗೌರಕ್ಕ ಆ ಬರೆದ ಹಾಳೆಯನ್ನು ಹಿಂದೆಂದೂ ಕಂಡಿರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ನಿಧಾನ ಸರಿಸಿದರು. "ಅಪ್ಪನ ಅಕ್ಷರ," ಎಂದರು. "ನನ್ನ ಪಾಲಿಗೆ ಒಂದ ಸಾಲೂ ಬರದಿಲ್ಲ ನೋಡ."

"ನಿನಗ ಅಚ್ಚಿನ ಹಾಳೀನ ಕೊಟ್ಟಾನಲ್ಲ ಅಕ್ಕಾ," ಎಂದರು ಮಾಯಪ್ಪ. "ಅದು ಕಳದೈತಿ, ಅದಕ್ಕ ಅಪ್ಪ ಬರದು ಹಚ್ಚ್ಯಾನ ಅಂತ ತಿಳಕೊಂಡಿದ್ದೆ ನಾನು."

ಆಗ ಗೌರಕ್ಕ ತಾವು ಹಿಂದೆ ಒಬ್ಬರೇ ಬಂದದ್ದನ್ನೂ, ಏನು ಹೇಳಿ ಹೋಗಿದ್ದರೆಂಬುದನ್ನೂ ತಿಳಿಸಿದರು. ಮಾಯಪ್ಪ ತಲೆ ತಗ್ಗಿಸಿದರು.

"ನನಗ ಯಾಕ ಹೇಳಲಿಲ್ಲ?"

"ನೀ ಕೂಡಸ್ತೇನಿ ಅಂದಿ. ಕೂಡಸಲೇನು ಅಂತ ಕೇಳಲಿಲ್ಲ."

ದಾನೇಶ್ವರಿ ದಾರಕ್ಕೆ ಮೇಣ ತಿಕ್ಕುತ್ತಿದ್ದರು. ಕೊನೆಗೆ ಮಾಯಪ್ಪ ತಮ್ಮ ಪಾಲಿನ ಹಾಳೆ ಸರಿಸಿ ಒಂದು ಕಡೆ ಬೆರಳಿಟ್ಟರು.

"ಇಲ್ಲೇ ಐತಿ ನೋಡಕ್ಕಾ. ಆಗ ಗುಡಿ ಇರಲಿಲ್ಲ, ಗೋಪುರ ಇರಲಿಲ್ಲ. ಯಾರದರೆ ಮನ್ಯಾಗ ಕೂಡೋರು, ಒಬ್ಬ ಓದಾಂವ, ಉಳದೋರು ಕೇಳೋರು. ಪೌಲ ಒಂದೂರಿಗೆ ಪತ್ರ ಬರದು ಹೇಳ್ತಾನ, ನೀವು ಓದಿದ ಮ್ಯಾಲ ಬಾಜೂ ಊರಾಗೂ ಓದಸ್ರಿ, ಅವರ ಕಡಿ ಇದ್ದದ್ದು ನೀವು ತರಿಸಿ ಓದ್ರಿ ಅಂತ. ಇಷ್ಟ ವರ್ಷ ಸಭಾಕ್ಕ ಓದಿ ಹೇಳೇನಿ. ನಾ ಮಾತ್ರ ಕೇಳೇ ಇಲ್ಲ."

ಪುಸ್ತಕ ಎರಡಾಗಿಯೇ ಇರಲಿ, ವರ್ಷಕ್ಕೊಮ್ಮೆ ಕೂಡಿದಾಗ ಅದಲುಬದಲಾಗಲಿ ಎಂದು ಅಲ್ಲೇ ತೀರ್ಮಾನವಾಯಿತು. ಯಾವ ಹಾಳೆಯನ್ನೂ ತೆಗೆಯಬೇಕಾಗಲಿಲ್ಲ. ದಾನೇಶ್ವರಿ ಎರಡಕ್ಕೂ ಒಂದೇ ತಾನಿನ ಕೆಂಪು ಬಟ್ಟೆ ಹಚ್ಚಿದರು. ಅಣ್ಣಪ್ಪನ ಹಾಳೆಯ ಅಂಚು ಉದುರುತ್ತಿತ್ತು. ಅದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ ಅಂಟಿಸಲು ಒಂದು ಇಡೀ ಮುಂಜಾನೆ ಹಿಡಿಯಿತು. ಆ ಹೊತ್ತು ಫ್ಯಾನ್ ಹಾಕಲಿಲ್ಲ, ಗಿರಾಕಿಗಳನ್ನೂ ಒಳಗೆ ಕರೆಯಲಿಲ್ಲ.

ಮೂಡಲಗಿಯ ಕೂಟಕ್ಕೆ ಗೌರಕ್ಕ ಇವರನ್ನು ಒತ್ತಾಯ ಮಾಡಿ ಕರೆದೊಯ್ದರು. ದಾನೇಶ್ವರಿ ಹಿಂದಿನ ಚಾಪೆಯ ಮೇಲೆ ಕುಳಿತರು. ಪುಸ್ತಕಗಳು ಕೈ ಬದಲಿಸಿದವು. ಅಕ್ಕನಿಂದ ಮೊದಲ ಪಾಲು ತೆಗೆದುಕೊಂಡ ಮಾಯಪ್ಪ ಅದನ್ನು ಆಕೆಗೇ ಹಿಂತಿರುಗಿಸಿ, ಇವತ್ತು ನೀನೇ ಓದು ಎಂದರು. ಗೌರಕ್ಕನ ದನಿ ಮೊದಲು ತಡವರಿಸಿ, ಆಮೇಲೆ ಸರಾಗವಾಯಿತು. ಮುಂದೆ ಕುಳಿತಿದ್ದ ಹಳೆಯ ಊರಿನ ಮುದುಕರು ತುಟಿಯಲ್ಲೇ ಜೊತೆಗೂಡಿದರು.

"ನಾ ಹೊಲದ ಪುಸ್ತಕ ಒಬ್ರು ಗಟ್ಟಿಯಾಗಿ ಓದಿದ್ದು ಅವತ್ತ ಮೊದಲ ಕೇಳಿದ್ನಿ," ಎನ್ನುತ್ತಾರೆ ದಾನೇಶ್ವರಿ, ಹೊಸ ರಟ್ಟಿಗೆ ಅಳತೆ ಹಿಡಿಯುತ್ತ. ಪತ್ರಗಳ ಪಾಲು ಈಗ ಹುಕ್ಕೇರಿಯಲ್ಲಿದೆ, ಮುಂದಿನ ಕೂಟವೂ ಅಲ್ಲೇ. ಅದಕ್ಕೂ ಹೋಗುವ ಆಸೆಯಿದೆ.

"ಮೊದಲಿನ ಪಾಲಿನಾಗಿಂದು ಕೇಳೇನಿ. ಆಗಿನ ಸಭಾದವರಿಗೆ ಪತ್ರದಾಗ ಏನ ಬರದಿದ್ರು, ಅದೂ ಗೊತ್ತಾಗಬೇಕಲ್ರಿ."